ಸೀಸೆಗಳ ಸದ್ದಿನಲ್ಲಿ ಸಂಘ

ಸೀಸೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಪಟಾಕಿ ಎಂದೇ ಕರೆಯುತ್ತಿದ್ದರು. ಕೋಪ ಮೂಗಿನ ತುದಿಯಲ್ಲಿ, ಮಾತು ನಾಲಿಗೆಯ ತುದಿಯಲ್ಲಿ. ಆದರೆ ಕೆಲಸದ ಹೊತ್ತಿನಲ್ಲಿ ಅವಳ ದನಿಯನ್ನು ಯಾರೂ ಕೇಳಿದ್ದೇ ಇಲ್ಲ. ಬೆಲ್ಟಿನ ಮೇಲೆ ಸೀಸೆಗಳು ಒಂದಕ್ಕೊಂದು ಬಡಿಯುತ್ತ ಓಡುವ ಆ ಶೆಡ್ಡಿನಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿಯವರು ದನಿ ಖರ್ಚು ಮಾಡುವುದನ್ನೇ ಬಿಟ್ಟಿದ್ದರು. ಸುಮ್ಮನೆ ತುಟಿ ಆಡಿಸಿದರೆ ಸಾಕು, ಎದುರಿನವರು ಓದಿಕೊಳ್ಳುತ್ತಿದ್ದರು. ಮಗಳ ಮದುವೆ ಮಾತಿನಿಂದ ಹಿಡಿದು ಅತ್ತೆಯ ಮೇಲಿನ ಚಾಡಿಯವರೆಗೆ ಎಲ್ಲವೂ ಹೀಗೇ ನಡೆಯುತ್ತಿತ್ತು.

ಒಂದು ಸೋಮವಾರ ಎಂಟು ಜನರನ್ನು ಮನೆಗೆ ಕಳಿಸಿದರು. ಯಾಕೆಂದರೆ ಖರ್ಚು ಕಡಿತವಂತೆ. ಬೆಲ್ಟಿನ ಓಟ ಮಾತ್ರ ಕಡಿತವಾಗಲಿಲ್ಲ. ಎಂಟು ಜನರ ಸೀಸೆಗಳು ಉಳಿದವರ ಕೈಗೆ ಬಂದು ಬಿದ್ದವು. ಪಟಾಕಿ ಹೊತ್ತಿಕೊಳ್ಳಲು ಅಷ್ಟು ಸಾಕಾಯಿತು. ‘ಸಂಘ ಕಟ್ಟೋಣ’ ಎಂದು ತುಟಿ ಆಡಿಸಿದಳು. ಮಾತು ತುಟಿಯಿಂದ ತುಟಿಗೆ ಹಾರಿ, ತೊಳೆಯುವವರಿಂದ ಮುಚ್ಚಳ ಹಾಕುವವರವರೆಗೂ ಮುಟ್ಟಿತು. ಮ್ಯಾನೇಜರ್ ಮಹಾಶಯ ಅವರ ನಡುವೆಯೇ ಕೈಕಟ್ಟಿಕೊಂಡು ಅಡ್ಡಾಡುತ್ತಿದ್ದ. ಹಾಡು ಗುನುಗುತ್ತಿದ್ದಾರೆ ಎಂದುಕೊಂಡನೋ ಏನೋ, ಪುಣ್ಯಾತ್ಮ.

ಒಪ್ಪದವಳು ಒಬ್ಬಳೇ, ಬೆಲ್ಟಿನ ಆಚೆ ನಿಂತು ಲೇಬಲ್ ಅಂಟಿಸುವ ಪಟಾಕಿಯ ಹಿರಿಯ ಓರಗಿತ್ತಿ. ಒಂದೇ ಮನೆ, ಒಂದೇ ಒಲೆ. ಗಂಡಂದಿರಿಗೆ ಕೆಲಸ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

“ಇಬ್ಬರನ್ನೂ ಓಡಿಸಿದ್ರೆ ಮಕ್ಕಳ ತಟ್ಟೆಗೆ ಏನು ಹಾಕ್ಲಿ, ನಿನ್ನ ಸಂಘಾನಾ?” ಎಂದು ಮನೆಯಲ್ಲಿ ಕೇಳಿದಳು ಓರಗಿತ್ತಿ.

ಇತ್ತ ಶೆಡ್ಡಿನಲ್ಲಿ ಉಳಿದವರೂ ರಾಗ ಎಳೆಯತೊಡಗಿದರು. “ನಿಮ್ಮ ಮನೆಯವಳೇ ಬರ್ದಿದ್ರೆ ನಾವು ಹೆಂಗಮ್ಮಾ ಬರೋದು?”

ಸಂಘದ ಮಾತು ಹೊಗೆಯಾಡುತ್ತಿದೆ ಎನ್ನುವುದು ಕೊನೆಗೆ ಮ್ಯಾನೇಜರನಿಗೂ ಗೊತ್ತಾಯಿತು. ವಾರದ ಕೊನೆಗೆ ಬಂದವನೇ ಬೆಲ್ಟು ನಿಲ್ಲಿಸಿದ.

“ಸಂಘ ಬೇಕು ಅನ್ನೋರು ಈಗಲೇ ಬಾಯಿಬಿಟ್ಟು ಹೇಳಿ. ಅರ್ಧಕ್ಕಿಂತ ಹೆಚ್ಚು ಜನ ಮುಂದೆ ಬಂದ್ರೆ ಮಾತುಕತೆಗೆ ಕೂರ್ತೀನಿ. ಬರ್ದಿದ್ರೆ, ಇದನ್ನ ಶುರು ಮಾಡಿದವರು ನಾಳೆಯಿಂದ ಬರೋದೇ ಬೇಡ.”

ಪಟಾಕಿ ಒಂದು ಕ್ರೇಟನ್ನು ಬೋರಲು ಹಾಕಿ ಹತ್ತಿ ನಿಂತಳು. ಎದೆ ಡವಗುಟ್ಟುತ್ತಿತ್ತು, ಹೆದರಿಕೆಗಿಂತ ಖುಷಿಗೇ ಹೆಚ್ಚು. ಕೈ ಬೀಸಿ, ಕಣ್ಣರಳಿಸಿ, ಕತ್ತಿನ ನರ ಉಬ್ಬಿಸಿ ಮಾತಾಡಿದಳು. ಅಂಥ ಭಾಷಣ ಆ ಶೆಡ್ಡು ಕಂಡಿರಲಿಲ್ಲ. ಮಾತು ಮುಗಿಸಿ ನೋಡಿದರೆ ಮ್ಯಾನೇಜರ್ ನಗುತ್ತಿದ್ದ.

“ಏನಮ್ಮಾ, ಮೀನಿನ ಥರ ಬಾಯಿ ಆಡಿಸ್ತೀಯ. ಮಾತೆಲ್ಲಿ?”

ಆಗ ಅವಳಿಗೆ ಗೊತ್ತಾಯಿತು. ಇಷ್ಟು ವರ್ಷ ಅದೇ ಜಾಗದಲ್ಲಿ ನಿಂತು ತುಟಿ ಆಡಿಸಿದವಳು, ಬೆಲ್ಟಿನ ಸದ್ದು ನಿಂತಿದ್ದರೂ ಇಂದೂ ದನಿಯನ್ನು ಹೊರಡಿಸಿಯೇ ಇರಲಿಲ್ಲ. ನಾಚಿಕೆಯಿಂದ ಮುಖ ಕಾದುಹೋಯಿತು. ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮುಗಿಯಿತು ತನ್ನ ಕತೆ, ಪಟಾಕಿ ಠುಸ್ಸಾಯಿತು ಎಂದುಕೊಂಡಳು.

ಓರಗಿತ್ತಿ ಲೇಬಲ್ಲಿನ ಕಟ್ಟನ್ನು ಪಟ್ಟನೆ ಕೆಳಗಿಟ್ಟಳು.

“ನಿಮಗೆ ಕೇಳಿಸ್ಲಿಲ್ವಾ? ನಾನು ಹೇಳ್ತೀನಿ ತಗೊಳ್ಳಿ,” ಎಂದಳು. ಸೀಸೆಗಳ ಸದ್ದಿಗೆ ಅರ್ಧ ಕಿವುಡಾಗಿ, ಮನೆಯಲ್ಲೂ ಕೂಗಿಯೇ ಮಾತಾಡುವ ಅವಳ ದನಿಗೆ ತಗಡಿನ ಚಾವಣಿಯೇ ಅದುರಿತು. “ಕಳಿಸಿರೋ ಎಂಟು ಜನಾನೂ ವಾಪಸ್ ಬರ್ಬೇಕು. ದುಡಿಯೋ ಕೈ ನಮ್ಮದು, ಬೆಲ್ಟು ಎಷ್ಟು ಜೋರಾಗಿ ಓಡ್ಬೇಕು ಅನ್ನೋದನ್ನ ನಮ್ಮನ್ನೂ ಕೇಳ್ಬೇಕು. ನಮ್ಮ ಸಂಘದ ಜೊತೆ ನೀವು ಕೂತು ಮಾತಾಡ್ಬೇಕು. ಇದಿಷ್ಟು ಅವಳು ಹೇಳಿದ್ದು. ಇನ್ನು ನಂದೊಂದು ಮಾತಿದೆ. ಅವಳನ್ನ ಮನೆಗೆ ಕಳಿಸೋದಾದ್ರೆ ನನ್ನನ್ನೂ ಕಳಿಸಿ.”

ಬೆಲ್ಟನ್ನು ಬಳಸಿಕೊಂಡು ಈಚೆ ಬಂದು ಕ್ರೇಟಿನ ಪಕ್ಕ ನಿಂತಳು. ತೊಳೆಯುವವರು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. ಮುಚ್ಚಳದವರೂ ಬಂದರು, ಪೆಟ್ಟಿಗೆ ಹೊರುವವರೂ ಬಂದರು. ಮ್ಯಾನೇಜರ್ ಬೆರಳು ಚಾಚಿ ಎಣಿಸಲು ಹೊರಟವನು ಅರ್ಧಕ್ಕೇ ಕೈ ಕೆಳಗಿಳಿಸಿದ. ಆಚೆ ಬದಿಯಲ್ಲಿ ಯಾರೂ ಉಳಿದಿರಲಿಲ್ಲ.

ಪಟಾಕಿ ಕ್ರೇಟಿನ ಮೇಲೆ ನಿಂತೇ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಓರಗಿತ್ತಿ ಅವಳ ಮೊಣಕೈ ಹಿಡಿದಳು.

“ಇಳಿಯೇ ಕೆಳಗೆ, ಬಿದ್ದು ಕಾಲು ಮುರ್ಕೊಂಡೀಯ. ಮಾತುಕತೆಗೆ ಹೋಗ್ಬೇಕು ನಾವು.”