ಬಲಿಯುವ ತನಕ

“ಮುಖಕ್ಕೆ ಕಟ್ಟಿದ ಬಟ್ಟೆ ಬಿಚ್ಚೋ! ಒಡಹುಟ್ಟಿದವನ ಹತ್ತಿರ ಹೋಗೋಕೂ ಹೇಸಿಗೆನಾ?”

ಸೋದರಮಾವ ಗದರಿದಾಗ ತಮ್ಮನ ಒಂದು ಕಾಲು ಇನ್ನೂ ಹೊಸ್ತಿಲಾಚೆಯೇ ಇತ್ತು.

ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಅವರ ನಡುವೆ, ತಾನೇ ಮಾಡಿದ ಮಂಚದ ಮೇಲೆ, ಬಡಗಿ ಅಣ್ಣ ಮಲಗಿದ್ದ. ನಿನ್ನೆ ಯಾರದೋ ಬಾಗಿಲಿಗೆ ಉಜ್ಜುಗೊರಡು ಹಾಕುತ್ತಿದ್ದವನು ಎದೆ ಹಿಡಿದು ಕುಳಿತನಂತೆ. ನೀರು ತರುವಷ್ಟರಲ್ಲಿ ಮುಗಿದುಹೋಗಿತ್ತು. ಕೂದಲಲ್ಲಿ ಮರದ ಪುಡಿ ಹಾಗೇ ಇತ್ತು. ತಮ್ಮನಿಗೆ ಅಳುವೂ ಬರಲಿಲ್ಲ. ತಾನು ನೋಡುತ್ತಿರುವುದು ಏನೆಂದೇ ತಲೆಗೆ ಹತ್ತಲಿಲ್ಲ.

“ಗಟ್ಟಿಮುಟ್ಟಾಗಿದ್ದ. ಇವನಿಗೆ ರಕ್ತ ಕೊಟ್ಟಮೇಲೇ ಹಿಂಗಾಗಿದ್ದು,” ಮೂಲೆಯಲ್ಲಿ ಯಾರೋ ಅಂದರು.

“ಕೊಟ್ಟವನು ಹೋದ, ಇಸ್ಕೊಂಡವನು ನಿಂತಿದಾನೆ.”

ಅತ್ತಿಗೆ ಗೋಡೆಗೊರಗಿ ಕುಳಿತಿದ್ದಳು. ಕೇಳಿಸಿತೋ ಇಲ್ಲವೋ. ಅವಳೂ ಹಾಗೇ ಅಂದುಕೊಂಡಿದ್ದರೆ?

*

ಹೋದ ತಿಂಗಳು, ತಮ್ಮನ ರಕ್ತದ ಕ್ಯಾನ್ಸರಿಗೆಂದು ಅಣ್ಣನ ರಕ್ತದಿಂದ ತೆಗೆದ ಕಾಂಡಕೋಶಗಳನ್ನು, ಹೊಸ ರಕ್ತ ಹುಟ್ಟಿಸುವ ಮೂಲಕೋಶಗಳನ್ನು, ಏರಿಸಿದ ದಿನ, ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು. ಅವುಗಳಿಂದ ಹುಟ್ಟುವ ಸಹಜ ಹಂತಕ ಕೋಶಗಳೇ ಅಳಿದುಳಿದ ಕ್ಯಾನ್ಸರನ್ನು ಹುಡುಕಿ ಕೊಲ್ಲಬೇಕು.

“ಆ ಕೋಶಗಳಿಗೆಲ್ಲಾ ಕೊಲ್ಲೋದೊಂದೇ ಕಸುಬಾ?” ಅಣ್ಣ ಕೇಳಿದ್ದ.

“ಇಲ್ಲಪ್ಪ. ಕೆಲವು ಕೊಲ್ಲೋದ್ರಲ್ಲಿ ಮುಂದು. ಕೆಲವು ಕೂಗಿ ಬೇರೆಯವನ್ನ ಸೇರಿಸ್ತವೆ.”

“ಕೂಗೋಕೆ ನಮ್ಮನೇಲಿ ಇವಳಿದಾಳಲ್ಲ!”

ಅತ್ತಿಗೆ ಅವನ ಬೆನ್ನಿಗೊಂದು ಗುದ್ದಿದ್ದಳು.

“ಹುಟ್ಟಿದ ಕೂಡಲೇ ಅವಕ್ಕೆ ಎಲ್ಲಾ ಬರಲ್ಲ,” ಡಾಕ್ಟರಮ್ಮ ಮುಂದುವರಿಸಿದ್ದಳು. “ ನಿಮ್ಮ ತಮ್ಮನ ಮೈಯಲ್ಲೇ ಬಲಿತು, ತಮ್ಮವರು ಯಾರು, ಹೊರಗಿನವರು ಯಾರು ಅಂತ ಕಲೀಬೇಕು. ಅಲ್ಲಿತನಕ ಜನರ ಮಧ್ಯೆ ಬಿಡಬೇಡಿ. ನೆಗಡಿಯೂ ಜೀವಕ್ಕೆ ಕುತ್ತಾಗಬಹುದು.”

“ಹಸಿ ಮರ ಅನ್ನಿ. ಒಣಗೋ ತನಕ ಕಾಯೋಣ ಬಿಡಿ,” ಅಣ್ಣ ನಕ್ಕಿದ್ದ.

*

ತಮ್ಮ ಮುಖದ ಬಟ್ಟೆಯ ಗಂಟಿಗೆ ಕೈ ಹಾಕಿದ. ಆದದ್ದಾಗಲಿ.

“ಬಿಚ್ಚಿದ್ರೆ ಕೈ ಮುರೀತೀನಿ ನೋಡು!”

ಅತ್ತಿಗೆ ಎದ್ದು ನಿಂತಿದ್ದಳು. ಬೆಳಗಿನಿಂದ ಅವಳು ಬಾಯಿ ತೆರೆದದ್ದು ಅದೇ ಮೊದಲು.

“ಏಳಿ, ಎಲ್ಲಾರೂ ಹೊರಗೆ ನಡೀರಿ. ಮಾವ, ನೀವೂನೂ.”

“ಹೆಣ ಬಿಟ್ಟು ಹೋಗೋದಾ? ತಲೆ ಕೆಟ್ಟಿದೆಯೇನಮ್ಮ ನಿಂಗೆ?”

“ಅವರದ್ದು ಅಂತ ಇನ್ನೂ ಜೀವ ಇರೋದು ಇವನ ಮೈಯೊಳಗೆ ಮಾತ್ರ. ಅದರ ಮೇಲೂ ಕೆಮ್ಮಿ ಹೋಗ್ತೀರಾ? ನಡೀರಿ ಅಂದ್ನಲ್ಲ!”

ಸೋದರಮಾವನೇ ಮೊದಲು ಹೊಸ್ತಿಲು ದಾಟಿದ. ಉಳಿದವರೂ ಒಬ್ಬೊಬ್ಬರಾಗಿ ಎದ್ದು ಬಿಸಿಲಿಗೆ ಹೋದರು. ಅವಳು ಕಿಟಕಿಗಳನ್ನೆಲ್ಲ ತೆರೆದು, ಕೊನೆಗೆ ತಾನೂ ಹೊರಹೋಗಿ, ಬಾಗಿಲಿಗೆ ಅಡ್ಡವಾಗಿ ನಿಂತಳು.

ತಮ್ಮ ಮಂಚದ ಬದಿಗೆ ಕುಳಿತು ಅಣ್ಣನ ಕೈ ಹಿಡಿದುಕೊಂಡ. ತಣ್ಣಗಿತ್ತು. ಅದರ ಮೇಲೆ ಒತ್ತಿದ ತನ್ನ ಮಣಿಕಟ್ಟಿನಲ್ಲಿ ನಾಡಿ ಎದ್ದೆದ್ದು ಬಡಿಯುತ್ತಿತ್ತು.