ಮೂವತ್ತೆರಡನೆಯ ಗೂಡು

ಅಕ್ಕನ ಪ್ರದರ್ಶನ ಬೆಳಿಗ್ಗೆ ಹತ್ತಕ್ಕೆ ಶುರು. ಕಲಾಭವನದ ದೀಪದ ಕೆಲಸ ನನ್ನದು. ಒಂಬತ್ತಕ್ಕೇ ಬಂದು ಒಂದೊಂದೇ ಹಚ್ಚಿ ನೋಡುತ್ತಿದ್ದೆ. ಅಕ್ಕ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹನ್ನೊಂದು ವರ್ಷ ಬೀದಿಬೀದಿ ಸುತ್ತಿ, ಹಕ್ಕಿಗಳು ಬಿಟ್ಟುಹೋದ ಮೂವತ್ತೊಂದು ಗೂಡುಗಳನ್ನು ಕೂಡಿಸಿದ್ದಳು. ಎಲ್ಲದರಲ್ಲೂ ನಾವು ಎಸೆದದ್ದೇ: ತಂತಿ ಚೂರು, ಬ್ರಷ್ಷಿನ ಎಳೆ, ಯಾರದೋ ಜಡೆಯ ರಿಬ್ಬನ್ನು. ಹಕ್ಕಿ ವಾಸವಿರುವ ಗೂಡಿಗೆ ಅವಳು ಒಮ್ಮೆಯೂ ಕೈ ಹಾಕಿದವಳಲ್ಲ. ಒಂದು ಗೂಡು ಖಾಲಿಯಾಗಲೆಂದು ಎರಡು ವರ್ಷ ಕಾದದ್ದೂ ಉಂಟು. ಇದೇನು ಹುಚ್ಚು ಎಂದು ನಕ್ಕವರಲ್ಲಿ ನಾನೇ ಮೊದಲಿಗ. ಈಗ ಗಾಜಿನ ಬಾಗಿಲಾಚೆ ಜನ ಸಾಲುಗಟ್ಟಿ ನಿಂತಿದ್ದರು, ನನಗೆ ಅವಳಿಗಿಂತ ಹೆಚ್ಚು ಸಂಭ್ರಮ.

ಭವನದ ಮ್ಯಾನೇಜರು ಮಾತ್ರ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಪ್ರತಿ ಗೂಡಿಗೂ ತಮ್ಮ ಕೈಯಾರೆ ದಾರದಲ್ಲಿ ಬೆರಳಗಲದ ಚೀಟಿ ಕಟ್ಟಿದ್ದರು: ‘ದಯವಿಟ್ಟು ಮುಟ್ಟಬೇಡಿ.’ ಚೀಟಿ ಕಟ್ಟಿದ ಮೇಲೆ ಯಾರೂ ಮುಟ್ಟುವ ಹಾಗಿಲ್ಲ, ತಂದವರೂ ಸಹ. ಹೋದ ವಾರ ವಾಲಿದ ಗೂಡೊಂದನ್ನು ಸರಿಮಾಡಲು ಹೋದ ಅಕ್ಕನಿಂದ ಅರ್ಜಿ ಬರೆಸಿಕೊಂಡಿದ್ದರು. ಅರ್ಜಿ! ನನಗೆ ಮೈಯೆಲ್ಲ ಉರಿದಿತ್ತು.

ಚಿಂವ್ ಎಂದಿತು. ತಲೆಯೆತ್ತಿದೆ. ನಡುವಿನ ದೀಪದ ಹಿಂದೆ, ಕಂಬಿಯ ಮೇಲೆ ಗುಬ್ಬಿ. ಕೊಕ್ಕಿನಲ್ಲಿ ಹುಲ್ಲುಕಡ್ಡಿ, ಪಕ್ಕದಲ್ಲಿ ಮುಕ್ಕಾಲು ಮುಗಿದ ಗೂಡು. ವೈರು ಎಳೆಯಲು ನಾನೇ ವೆಂಟಿಲೇಟರಿನ ಗಾಜು ತೆಗೆದಿದ್ದೆ, ಹಾಕಲು ಮರೆತಿದ್ದೆ. ಆಮೇಲೆ ಎರಡು ದಿನ ಭವನಕ್ಕೆ ರಜ. ಮಾಡಿದ್ದುಣ್ಣೋ ಮಹರಾಯ.

ಮ್ಯಾನೇಜರೂ ನೋಡಿಬಿಟ್ಟರು. “ಜೀವ ಇರೋದು ಯಾವುದೂ ಒಳಗೆ ಇರಬಾರದು, ಮೇಡಂ. ಅದನ್ನ ತೆಗೆಸಿ. ಇಲ್ಲಾಂದ್ರೆ ಬಾಗಿಲು ತೆಗೆಯಲ್ಲ.”

“ತೆಗೆಸಲ್ಲ,” ಎಂದಳು ಅಕ್ಕ. “ಇದನ್ನ ಕಿತ್ತುಹಾಕಿದ್ರೆ ಕೆಳಗಿರೋ ಮೂವತ್ತೊಂದೂ ಸುಳ್ಳಾಗ್ತವೆ. ಬೀಗ ಹಾಕಿಬಿಡಿ ಸಾರ್.”

“ಅಕ್ಕಾ, ಹನ್ನೊಂದು ವರ್ಷ ಕಣೇ!” ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುತ್ತಿತ್ತು, ಅದೂ ನನ್ನಿಂದ.

ಅವಳು ನೆಲದ ಮೇಲೆ ಕೂತುಬಿಟ್ಟಳು. ಕಣ್ಣು ತುಂಬಿತ್ತು, ನೋಟ ಮಾತ್ರ ಗುಬ್ಬಿಯ ಮೇಲೆ. “ನೋಡೋ, ಹೇಗೆ ಹೆಣೆಯುತ್ತೆ! ಕಟ್ಟೋದನ್ನ ಇಷ್ಟು ಹತ್ತಿರದಿಂದ ನಾನು ನೋಡೇ ಇರಲಿಲ್ಲ.”

ಮ್ಯಾನೇಜರು ಏಣಿ ತರಿಸಿದರು. ನಾನೇ ತಂದು ನಿಲ್ಲಿಸಿದೆ.

“ಹತ್ತಯ್ಯಾ.”

“ಹತ್ತಲ್ಲ ಸಾರ್. ಬೇಕಾದ್ರೆ ಅರ್ಜಿ ಬರ್ಕೊಡ್ತೀನಿ.”

ಅವರು ನನ್ನನ್ನು ದುರುಗುಟ್ಟಿ ನೋಡಿ, ಪ್ಯಾಂಟು ಮೇಲೆತ್ತಿಕೊಂಡು ತಾವೇ ಹತ್ತಿದರು. ಗುಬ್ಬಿ ವೆಂಟಿಲೇಟರಿಗೆ ಹಾರಿ ಕೂತು ಬೈಯತೊಡಗಿತು. ಅವರು ಕೈ ಚಾಚಿದರು. ಅಕ್ಕ ಕಣ್ಣು ಮುಚ್ಚಿಕೊಂಡಳು.

ಕೈ ಅಲ್ಲೇ ನಿಂತಿತು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಬಗ್ಗಿ ನೋಡಿದರು. ಹೊರಗಿನ ಜನ ಗಾಜಿಗೆ ಮೂಗೊತ್ತಿ ನಿಂತಿದ್ದರು.

“ಏನಾಯ್ತು ಸಾರ್?”

“ಚೀಟಿ ಇದೆ.”

ಓಡಿಹೋಗಿ ಕೆಳಗಿನ ಗೂಡುಗಳನ್ನು ನೋಡಿದೆ, ಒಂಬತ್ತನೆಯ ಗೂಡಿನಲ್ಲಿ ಚೀಟಿಯಿರಲಿಲ್ಲ. ಅದರ ದಾರ ಈಗ ಮೇಲೆ, ಗುಬ್ಬಿಯ ಹೆಣಿಗೆಯೊಳಗಿತ್ತು. ಚೀಟಿ ಹೊರಗೆ ನೇತಾಡುತ್ತಿತ್ತು, ಅವರದೇ ಗುಂಡು ಅಕ್ಷರದಲ್ಲಿ.

ಮ್ಯಾನೇಜರು ಒಂದೊಂದೇ ಮೆಟ್ಟಿಲು ಇಳಿದು ಬಂದರು. “ಯಾರೇ ಕಟ್ಟಿರಲಿ. ಚೀಟಿ ಬಿದ್ದ ಮೇಲೆ ಮುಟ್ಟೋ ಹಾಗಿಲ್ಲ.” ಪಟ್ಟಿ ತೆಗೆದು ಮೂವತ್ತೊಂದರ ಕೆಳಗೆ ಮೂವತ್ತೆರಡು ಎಂದು ಬರೆದುಕೊಂಡರು.

ಅಕ್ಕ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯುತ್ತಿರಲಿಲ್ಲ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ಬಾಗಿಲು ತೆಗೆಯಲು ಓಡಿದೆ.

“ಏಯ್, ಎಲ್ಲಿ ಓಡ್ತೀಯಾ?” ಮ್ಯಾನೇಜರು ಹಿಂದಿನಿಂದ ಕೂಗಿದರು. “ಮೊದಲು ಆ ನಡುವಿನ ದೀಪ ಆರಿಸು. ಅದಕ್ಕೆ ಸೆಖೆ ಆಗುತ್ತೆ.”