ಗುತ್ತಿನ ಮನೆಯ ಕಳಸೆ

1983ನೇ ಇಸವಿ ಡಿಸೆಂಬರ್ 17, ಶನಿವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಮಿಜಾರಿನ ಶಾಲೆಯ ಏಳನೇ ತರಗತಿಯ ಕೋಣೆಯಲ್ಲಿ ಚಿನ್ನಯ್ಯ ನೆಲದ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿ, ನಡುವೆ ಧಾನ್ಯ ಅಳೆಯುವ ಹಳೆಯ ಕಳಸೆಯನ್ನಿಟ್ಟು, ಗಾಜಿನ ಅಳತೆಜಾಡಿಯಿಂದ ಅದರೊಳಗೆ ಅಕ್ಕಿ ಸುರಿಯುತ್ತಿದ್ದ. ಐನೂರು ಮಿಲಿಲೀಟರಿನ ಜಾಡಿ. ತಾನು ಡೆಮಾನ್‌ಸ್ಟ್ರೇಟರ್ ಆಗಿರುವ ಮೂಡುಬಿದಿರೆಯ ಕಾಲೇಜಿನ ಲ್ಯಾಬಿನಿಂದ ಸಹಿ ಹಾಕಿ ತಂದದ್ದು. ಪ್ರತಿ ಸಲ ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಗೆರೆಯನ್ನು ನೋಡಿ, ಸುರಿದು, ಪಕ್ಕದ ಪುಸ್ತಕದಲ್ಲಿ ಒಂದು ಗೀಟು ಹಾಕುತ್ತಿದ್ದ.

ಮೊದಲ ಸಲ ಕಳಸೆ ತುಂಬಿದಾಗ 13,700 ಬಂದಿತ್ತು. ಎರಡನೆಯ ಸಲ 13,740. ಇದು ಮೂರನೆಯದು. ಅಕ್ಕಿ ಬಾಯಿಯ ಹಿತ್ತಾಳೆ ಪಟ್ಟಿಗೆ ಸಮನಾದ ಮೇಲೆ ಫುಟ್‌ರೂಲರನ್ನು ಅಡ್ಡ ಎಳೆದು ಒರಸಿದ. ಗೀಟುಗಳನ್ನು ಕೂಡಿಸಿದ. 13,720.

ಕಳಸೆಯ ಜೊತೆ ಊರಿನ ಧಣಿಗಳ ಗುತ್ತಿನ ಮನೆಯಿಂದ ಸರಕಾರಿ ಮುದ್ರೆಯ ಹಿತ್ತಾಳೆ ಸೇರೂ ಬಂದಿತ್ತು. ಅದನ್ನು ಅವನು ಮೊದಲೇ ಅಳೆದಿದ್ದ: 980. ಕಳಸೆಗೆ ಹದಿನಾಲ್ಕು ಸೇರು ಎಂಬುದು ಊರಿನ ಲೆಕ್ಕ. 980ನ್ನು ಹದಿನಾಲ್ಕರಿಂದ ಗುಣಿಸಿ, ಉತ್ತರದ ಕೆಳಗೆ ಎರಡು ಗೆರೆ ಎಳೆದ. 13,720. ಮತ್ತೊಮ್ಮೆ ಗುಣಿಸಿದ. ಹೊರಗೆ ಯಾರೋ ಮೈಕಿನಲ್ಲಿ "ಹಲೋ, ಹಲೋ" ಎನ್ನುತ್ತಿದ್ದರು. ಮಾವಿನೆಲೆಯ ತೋರಣ ಕಟ್ಟುವವರು ಏಣಿ ಕೇಳುತ್ತಿದ್ದರು. ಅವನು ಪೆನ್ನಿನ ಮುಚ್ಚಳ ಹಾಕಿ ಕಿಸೆಗೆ ಸಿಕ್ಕಿಸಿ, ಬಹಳ ಹೊತ್ತು ಪತ್ರಿಕೆಯ ಮೇಲೆ ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಹೆಕ್ಕಿದ.

ಯುವಕ ಮಂಡಲದವರು ಊರಿನ ಚರಿತ್ರೆಯ ಉತ್ಸವ ಎಂದು ಎರಡು ದಿನದ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಹಿರಿಯರಿಗೆ ಸನ್ಮಾನ, ಪಾಡ್ದನ ಹಾಡುವವರ ಹಾಡು, ರಾತ್ರಿಗೆ ಬಯಲಾಟ. ಏಳನೇ ತರಗತಿಯ ಕೋಣೆಯಲ್ಲಿ ಹಳೆಯ ವಸ್ತುಗಳ ಪ್ರದರ್ಶನ. ಮನೆ ಮನೆಯಿಂದ ಬಂದ ನೊಗ, ಮರಿಗೆ, ತೊಟ್ಟಿಲು, ಕಂಚಿನ ದೀಪ, ಓಲೆಗರಿಯ ಕಟ್ಟು ಎಲ್ಲ ಬೆಂಚುಗಳ ಮೇಲೆ ಸಾಲಾಗಿದ್ದವು. ಅವುಗಳ ಮುಂದಿನ ಚೀಟಿಗಳೆಲ್ಲ ಚಿನ್ನಯ್ಯನ ಅಕ್ಷರದಲ್ಲಿದ್ದವು. ಕಳಸೆಯದು ಮಾತ್ರ ಬಾಕಿ.

"ಮಾಸ್ಟ್ರೇ, ನನ್ನ ಅಕ್ಕಿಯನ್ನು ಇನ್ನೆಷ್ಟು ಸಲ ಅತ್ತ ಇತ್ತ ಹಾಕ್ತೀರಿ?" ಬಾಗಿಲಲ್ಲಿ ಮಹಮ್ಮದ್ ಕುಂಞಿ ನಿಂತಿದ್ದ. ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟವನು. ಪ್ರದರ್ಶನಕ್ಕೆಂದು ಒಂದು ಗೋಣಿ ಕುಚ್ಚಲಕ್ಕಿ ಕೊಟ್ಟಿದ್ದ. "ನಾಳೆ ಸಂಜೆ ನಾನು ಅಳೆದೇ ವಾಪಸ್ ತಗೊಳ್ಳುದು. ಕಾಳು ಕಡಿಮೆ ಆದ್ರೆ ನಿಮ್ಮ ಗಾಜು ನನ್ನ ಅಂಗಡಿಗೆ."

"ಆಗ್ಬಹುದು," ಎಂದ ಚಿನ್ನಯ್ಯ.

"ಎಂತ ಮಾರಾಯ್ರೆ, ತಮಾಷೆಗೆ ಹೇಳಿದ್ದು. ಮೋರೆ ಯಾಕೆ ಹೀಗೆ? ಚಾ ಆಗಿದ್ಯಾ?"

"ಆಗಿದೆ."

ಆಗಿರಲಿಲ್ಲ. ಕುಂಞಿ ಹೋದ ಹಿಂದೆಯೇ ಉತ್ಸವದ ಕಾರ್ಯದರ್ಶಿ ಉದಯಶಂಕರ ಬಂದ. ಕಲ್ಲಡ್ಕದ ಕಡೆಯವನು, ಕನ್ನಡ ಪಂಡಿತ. ಈ ಊರಿಗೆ ಬಂದು ಐದೇ ವರ್ಷ. ಅವನ ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದವಿತ್ತು.

"ಕಳಸೆಯ ಚೀಟಿಗೆ ಗುತ್ತಿನ ಜಲಜಾಕ್ಷಿ ಅಮ್ಮ ಬರೆಸಿ ಕಳಿಸಿದ್ದಾರೆ. ಹೀಗೇ ಹಾಕಬೇಕಂತೆ. ಒಳ್ಳೆ ಐತಿಹಾಸಿಕ ಸಂಗತಿ ಉಂಟು ಇದರಲ್ಲಿ."

ಚಿನ್ನಯ್ಯ ಓದಿದ. ನಡುಬೈಲು ಗುತ್ತಿನ ಕಳಸೆ. ಇದು ಸುಳ್ಳು ಕಳಸೆಯೆಂದು ಒಕ್ಕಲೊಬ್ಬನು ದೂರಿದಾಗ, 1951ರಲ್ಲಿ ಹತ್ತು ಸಮಸ್ತರ ಮುಂದೆ ಸೇರಿನಿಂದ ಅಳೆದು, ಸತ್ಯವಾದ ಕಳಸೆಯೆಂದು ರುಜುವಾತಾದದ್ದು.

"ನೀವೂ ಅಳೆದಿರಲ್ಲ? ಸರಿ ಉಂಟಲ್ಲ?"

"ಸರಿ ಉಂಟು. ಹದಿನಾಲ್ಕು ಸೇರು."

"ಹಾಗಾದರೆ ಅದನ್ನೂ ಕೆಳಗೆ ಸೇರಿಸುವ. ವೈಜ್ಞಾನಿಕವಾಗಿ ಪರೀಕ್ಷಿಸಿದೆ ಅಂತ. ಜನರಿಗೆ ನಂಬಿಕೆ ಬರ್ತದೆ."

ದೂರಿದ ಒಕ್ಕಲು ಯಾರೆಂದು ಉದಯಶಂಕರನಿಗೆ ಗೊತ್ತಿರಲಿಲ್ಲ. ಚಿನ್ನಯ್ಯ ಇಂಕಿನ ಬಾಟಲಿ ತೆರೆದ. ರಟ್ಟಿನ ತುಂಡಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಇಂಡಿಯನ್ ಇಂಕಿನಲ್ಲಿ, ಕಾಗದದಲ್ಲಿ ಇದ್ದ ಹಾಗೆಯೇ ಬರೆದ. ಕೆಳಗೆ ಸೇರಿಸಿದ: ಗಾತ್ರ 13,720 ಮಿಲಿಲೀಟರು. ಹದಿನಾಲ್ಕು ಸೇರು.

ಒಕ್ಕಲು ಅವನ ತಂದೆ ಡೊಂಬಯ್ಯ. ಆಗ ಚಿನ್ನಯ್ಯನಿಗೆ ಹತ್ತು ವರ್ಷ. ಮನೆಯಲ್ಲಿ ಅಮ್ಮ ಸೇರಿನಿಂದ ನಲವತ್ತೆರಡು ಸೇರು ಅಕ್ಕಿ ಅಳೆಯುತ್ತಿದ್ದಳು, ಪ್ರತಿ ಸೇರನ್ನೂ ಅಂಗೈಯಲ್ಲಿ ಒರಸಿ. ಅಪ್ಪ ಅದನ್ನು ಹೊತ್ತು ಗುತ್ತಿನ ಅಂಗಳಕ್ಕೆ ಹೋಗುತ್ತಿದ್ದ. ಗೇಣಿ ಅಕ್ಕಿಯನ್ನು ಅಲ್ಲಿ ಗುತ್ತಿನ ಕಳಸೆಯಲ್ಲೇ ಅಳೆಯಬೇಕು. ಮೂರು ಕಳಸೆಗೆ ಒಂದು ಮುಡಿ, ಬೈಹುಲ್ಲಿನಲ್ಲಿ ಕಟ್ಟುವ ಅಕ್ಕಿಯ ಮೂಟೆ. ಮೂರನೆಯ ಕಳಸೆ ತುಂಬುವ ಮೊದಲೇ ಅಕ್ಕಿ ಮುಗಿಯುತ್ತಿತ್ತು. ಪ್ರತಿ ಮುಡಿಗೆ ಆರು ಸೇರು ಕಡಿಮೆ. ಪ್ರತಿ ವರ್ಷ, ಪ್ರತಿ ಮುಡಿಗೆ, ಆರು ಸೇರು. ಒಂದು ಸಲ ಅಪ್ಪ ಅಂಗಳದಲ್ಲೇ ಹೇಳಿಬಿಟ್ಟ: ಕಳಸೆ ಸುಳ್ಳು.

ಊರಿನ ಹಿರಿಯರು, ಹತ್ತು ಸಮಸ್ತರು, ಪಂಚಾಯತಿಗೆ ಕೂಡಿದರು. ಮುದ್ರೆಯ ಸೇರಿನಿಂದ ಕಳಸೆಗೆ ಅಕ್ಕಿ ಹಾಕಿದರು. ಹದಿನಾಲ್ಕನೆಯ ಸೇರಿಗೆ ಹಿತ್ತಾಳೆ ಪಟ್ಟಿಯ ಮಟ್ಟಕ್ಕೆ ಬಂದು ನಿಂತಿತು, ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಕಳಸೆ ಮುಟ್ಟಿ ತಪ್ಪಾಯಿತೆಂದು ಹೇಳಲು ಅಪ್ಪನಿಗೆ ಅಪ್ಪಣೆಯಾಯಿತು. ಅವನು ಮುಟ್ಟಲಿಲ್ಲ. ಗದ್ದೆ ಬಿಟ್ಟುಕೊಟ್ಟು ಮೂಡುಬಿದಿರೆಯ ಹೊರಗೆ ಒಂದು ಬಿಡಾರಕ್ಕೆ ಬಂದ. ಅಮ್ಮ ಬೀಡಿ ಕಟ್ಟಿದಳು, ಅಕ್ಕ ಶಾಲೆ ಬಿಟ್ಟು ಬೀಡಿ ಕಟ್ಟಿದಳು. ಚಿನ್ನಯ್ಯ ಬಿ.ಎಸ್ಸಿ. ಓದಿದ್ದು ಆ ಬೀಡಿಯಿಂದ. ಅವರು ಬಿಟ್ಟ ಗದ್ದೆಗೆ ಬಂದು ಕೂತ ಹುಕ್ರಪ್ಪನಿಗೆ ಭೂಸುಧಾರಣೆಯ ಡಿಕ್ಲರೇಶನ್‌ನಲ್ಲಿ ಅದೇ ಗದ್ದೆ ಸ್ವಂತವಾಯಿತು. ಆ ಸುದ್ದಿ ಬಂದ ದಿನವೂ ಅಪ್ಪ ಏನೂ ಹೇಳಿರಲಿಲ್ಲ.

ಹೇಳಿದ್ದು ಹೋದ ಮಂಗಳವಾರ. ಕಳಸೆ ಪ್ರದರ್ಶನಕ್ಕೆ ಬರುತ್ತದೆಂದು ಕೇಳಿ, ಊಟಕ್ಕೆ ಕೂತವನು ಕೈ ನಿಲ್ಲಿಸಿ, "ಅಳೆದು ನೋಡು. ನಿನ್ನ ಗಾಜಿನದ್ರಲ್ಲಿ," ಎಂದಿದ್ದ. ಆಮೇಲೆ ಮಜ್ಜಿಗೆ ಹಾಕಿಸಿಕೊಂಡು ಉಂಡಿದ್ದ.

ಹತ್ತೂವರೆಯ ಬಸ್ಸಿಗೆ ಡೊಂಬಯ್ಯ ಬಂದಿಳಿದ. ವಯಸ್ಸು ಎಪ್ಪತ್ತೊಂಬತ್ತು. ನೀಲಿ ಹಾಕಿ ಒಗೆದ ಮುಂಡು, ಹೆಗಲಿಗೆ ಬೈರಾಸು, ಕೈಯಲ್ಲಿ ಕೊಡೆ. ಕೋಣೆಯೊಳಗೆ ಬಂದು ನೊಗ, ಮರಿಗೆ ಯಾವುದನ್ನೂ ನೋಡದೆ ನೇರ ಕಳಸೆಯ ಮುಂದೆ ನಿಂತ. ಮುಟ್ಟಲಿಲ್ಲ.

"ಎಷ್ಟಾಯ್ತು ಮಗಾ?"

ಚಿನ್ನಯ್ಯ ಬೆಳಗಿನಿಂದ ಈ ಪ್ರಶ್ನೆಗೆ ಮೂರು ನಾಲ್ಕು ಉತ್ತರಗಳನ್ನು ಯೋಚಿಸಿಟ್ಟಿದ್ದ.

"ಹದಿನಾಲ್ಕು."

"ಎಷ್ಟು ಸಲ ನೋಡಿದಿ?"

"ಮೂರು ಸಲ."

ಡೊಂಬಯ್ಯ ತಲೆಯಾಡಿಸಿದ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿ ತಿಳಿದವನ ಹಾಗೆ. "ಹಾಗಾದ್ರೆ ಹದಿನಾಲ್ಕೇ," ಎಂದ. ಆಮೇಲೆ ಚೀಟಿಯ ಕಡೆಗೆ ಕೊಡೆಯ ತುದಿ ತೋರಿಸಿ, "ಅದ್ರಲ್ಲಿ ಎಂತ ಬರ್ದದ್ದು? ಓದು."

ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಚಿನ್ನಯ್ಯ ಓದಿದ. ದೂರಿದ ಒಕ್ಕಲು ಎಂಬುದನ್ನೂ ಬಿಡಲಿಲ್ಲ. ದನಿ ತಗ್ಗಿಸಲೂ ಇಲ್ಲ. ಲ್ಯಾಬಿನಲ್ಲಿ ಹುಡುಗರಿಗೆ ರೀಡಿಂಗ್ ಓದಿ ಹೇಳುವ ಹಾಗೆ ಕೊನೆಯವರೆಗೆ ಓದಿದ.

"ಅಕ್ಷರ ಗುಂಡು ಗುಂಡು ಬಂದಿದೆ," ಎಂದ ಡೊಂಬಯ್ಯ.

ಹನ್ನೊಂದಕ್ಕೆ ಉದ್ಘಾಟನೆಯಾಗಿ ಜನ ಕೋಣೆಯೊಳಗೆ ನುಗ್ಗಿದರು. ಜಲಜಾಕ್ಷಿ ಅಮ್ಮ ಕುರ್ಚಿಯಲ್ಲಿ ಕೂತರು. ಐವತ್ತು ದಾಟಿದವರು, ಆ ಪಂಚಾಯತಿಯಾದ ಮೇಲೆ ಗುತ್ತಿಗೆ ಮದುವೆಯಾಗಿ ಬಂದವರು. ಕಳಸೆಯ ಕತೆ ಅವರಿಗೆ ಅತ್ತೆಯ ಬಾಯಿಂದ ಕೇಳಿ ಗೊತ್ತು. ಮೂಡುಬಿದಿರೆಯ ಪೇಟೆಯಲ್ಲಿ ಕಂಡು ಗೊತ್ತಿದ್ದ ಡೊಂಬಯ್ಯನನ್ನು ಅವರೇ ಗುರುತಿಸಿದರು.

"ಡೊಂಬಯ್ಯ ಅಲ್ವಾ? ನೀನಿನ್ನೂ ಗಟ್ಟಿ ಉಂಟು ಮಾರಾಯ! ನನ್ನ ಮೊಣಕಾಲು ನೋಡು, ಮೆಟ್ಲು ಹತ್ತುಲಿಕ್ಕೇ ಆಗುದಿಲ್ಲ."

"ದೇವರು ಇಟ್ಟ ಹಾಗೆ, ಅಮ್ಮ."

"ಹಳೇದೆಲ್ಲ ಈಗ ಯಾರು ನೆನಪಿಟ್ಟಿದ್ದಾರೆ? ಬಂದದ್ದು ಒಳ್ಳೇದಾಯ್ತು." ಹಾಗೆ ಹೇಳುವಾಗ ಅವರ ಕೈ ಚೀಟಿಯಿಂದ ಒಂದು ಗೇಣು ದೂರದಲ್ಲಿತ್ತು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಚಿನ್ನಯ್ಯನಿಗೆ ಅದು ಕಾಣುತ್ತಿತ್ತು.

ಅಷ್ಟರಲ್ಲಿ ಉದಯಶಂಕರನಿಗೆ ಒಂದು ತೊಡಕು ಬಂತು. ಹಿಂದಿನವರು ಹೇಗೆ ಅಳೆದು ಮುಡಿ ಕಟ್ಟುತ್ತಿದ್ದರೆಂದು ಮಾಡಿ ತೋರಿಸುತ್ತೇವೆಂದು ಕರಪತ್ರದಲ್ಲಿ ಅಚ್ಚಾಗಿತ್ತು. ಒಪ್ಪಿದ್ದ ಹುಕ್ರಪ್ಪ ಜ್ವರ ಬಂದು ಮಲಗಿದ್ದ. ಯುವಕ ಮಂಡಲದವರಲ್ಲಿ ಒಬ್ಬನಿಗೂ ಕಳಸೆ ಹಿಡಿಯಲು ಗೊತ್ತಿರಲಿಲ್ಲ.

"ನಿಮಗೆ ಬರ್ತದಾ ಅಜ್ಜ?" ಎಂದು ಅವನು ಡೊಂಬಯ್ಯನನ್ನು ಕೇಳಿದ.

"ಬೇಡ," ಎಂದ ಚಿನ್ನಯ್ಯ.

ಡೊಂಬಯ್ಯ ಕೊಡೆಯನ್ನು ಮಗನ ಕೈಗೆ ಕೊಟ್ಟ. ಬೈರಾಸನ್ನು ಸೊಂಟಕ್ಕೆ ಬಿಗಿದು, ಮೊಣಕಾಲೂರಿ, ಮೂವತ್ತೆರಡು ವರ್ಷಗಳ ಮೇಲೆ ಆ ಕಳಸೆಯ ಬಾಯಿಗೆ ಎರಡೂ ಕೈ ಇಟ್ಟ. ಗೋಣಿಯಿಂದ ಅಕ್ಕಿಯನ್ನು ಬೊಗಸೆಯಲ್ಲಿ ಎಳೆದುಕೊಂಡ. ಕೈಗಳು ಬೇಗ ಬೇಗ ಓಡಿದವು. ಅಕ್ಕಿ ಹಿತ್ತಾಳೆ ಪಟ್ಟಿ ಮುಟ್ಟಿತು. ಕೈ ನಿಲ್ಲಲಿಲ್ಲ. ಎಡಗೈಯನ್ನು ಬಾಯಿಯ ಸುತ್ತ ಗೋಡೆಯ ಹಾಗೆ ಹಿಡಿದು, ಬಲಗೈಯಿಂದ ಮೇಲೆ ಮೇಲೆ ಸುರಿದ. ಅಕ್ಕಿ ಗುಡ್ಡೆಯಾಗಿ ಏರಿ, ತುದಿ ಚೂಪಾಗಿ, ಇನ್ನೊಂದು ಹಿಡಿ ಹಾಕಿದರೆ ಜಾರುವ ಹಂತಕ್ಕೆ ಬಂತು. ಕೆಲವು ಕಾಳು ಜಾರಿದವು. ಆಗ ಕೈ ತೆಗೆದ.

"ಲಾಭ," ಎಂದ ಗಟ್ಟಿಯಾಗಿ. ಅಳೆಯುವಾಗ ಒಂದು ಎನ್ನುವ ಕ್ರಮವಿಲ್ಲ. ಮುಡಿಯ ಹುಲ್ಲಿಗೆ ಸುರಿದು ಮತ್ತೆ ತುಂಬಿದ. "ರಡ್ಡ್," ಎಂದು ತುಳುವಿನಲ್ಲೇ ಎಣಿಸಿದ.

"ತಲೆ ನೋಡಿ ಹೇಗೆ ಕಟ್ಟಿದ," ಎಂದರು ಜಲಜಾಕ್ಷಿ ಅಮ್ಮ ಪಕ್ಕದವರಿಗೆ. "ಕಳಸೆ ಬೋಳು ಬಿಡ್ಲಿಕ್ಕಿಲ್ಲ. ಅಶುಭ. ಅಳೆಯುವಾಗ ನಮ್ಮ ಅತ್ತೆ ಚಾವಡಿಯಲ್ಲೇ ಕೂತು ನೋಡ್ತಿದ್ರು. ತಲೆ ಇಲ್ಲದ್ರೆ ಅದು ಕಳಸೆಯೇ ಅಲ್ಲ."

"ಅಲ್ಲ ಅಮ್ಮ, ಅಲ್ಲ," ಎಂದ ಡೊಂಬಯ್ಯ, ಅಕ್ಕಿಯ ಮೇಲಿಂದ ಕಣ್ಣೆತ್ತದೆ. "ಬೋಳು ಅಳೆದವ ಉಂಟಾ ಯಾರಾದ್ರೂ?"

ಚಿನ್ನಯ್ಯ ಕೊಡೆಯನ್ನು ಹಿಡಿದು ನಿಂತಿದ್ದ. ಅವನ ಫುಟ್‌ರೂಲರು ಕಿಟಕಿಯ ದಂಡೆಯ ಮೇಲೆ, ಬೆಳಿಗ್ಗೆ ಇಟ್ಟಲ್ಲೇ ಇತ್ತು. ಅದರ ಅಂಚಿಗೆ ಅಕ್ಕಿಯ ಬಿಳಿ ಹುಡಿ ಅಂಟಿತ್ತು.

"ಮೂಜಿ," ಎಂದ ಡೊಂಬಯ್ಯ.

"ಮೂರನೆಯದನ್ನು ಹಾಗೇ ಬಿಡಿ ಅಜ್ಜ, ಫೋಟೋ ತೆಗಿಲಿಕ್ಕೆ ಉಂಟು," ಎಂದು ಉದಯಶಂಕರ ಕೂಗಿದ. ಫೋಟೋದವನು ಡೊಂಬಯ್ಯನನ್ನು ಕಳಸೆಯ ಹಿಂದೆ ಕೂರಿಸಿದ. ಜಲಜಾಕ್ಷಿ ಅಮ್ಮನ ಕುರ್ಚಿಯನ್ನು ಪಕ್ಕಕ್ಕೆ ಎಳೆದ. "ಅಜ್ಜ, ಸ್ವಲ್ಪ ನಗಾಡಿ." ಡೊಂಬಯ್ಯ ನಗಾಡಿದ. ಜನ ಚಪ್ಪಾಳೆ ತಟ್ಟಿದರು.

ಒಂದು ಗಂಟೆಗೆ ಊಟದ ಗಂಟೆ ಬಾರಿಸಿ ಕೋಣೆ ಖಾಲಿಯಾಯಿತು. ಡೊಂಬಯ್ಯನನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿ ಯಾರೋ ಬೆಲ್ಲ, ನೀರು ಕೊಟ್ಟಿದ್ದರು. ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು, ಬೆವರಿಗೆ ಅಂಟಿದ ಅಂಗಿ. ಪಕ್ಕದಲ್ಲಿ ಕುಂಞಿ ಏನೋ ತಮಾಷೆ ಹೇಳುತ್ತಿದ್ದ. ಡೊಂಬಯ್ಯ ಕೇಳುತ್ತಿದ್ದ, ಅಥವಾ ಕೇಳುತ್ತಿರಲಿಲ್ಲ.

ಚಿನ್ನಯ್ಯ ಬಾಗಿಲನ್ನು ಮುಂದೆ ಮಾಡಿದ. ಫೋಟೋಗೆಂದು ಬಿಟ್ಟ ಮೂರನೆಯ ಕಳಸೆ ತಲೆಯ ಸಮೇತ ಹಾಗೇ ಇತ್ತು. ಸುತ್ತಲೂ ಹೊಸ ಪತ್ರಿಕೆ ಹಾಸಿ, ಒಂದು ಕಾಳೂ ಹೊರಗೆ ಹೋಗದಂತೆ ಅಂಚುಗಳನ್ನು ಮಡಚಿದ. ಫುಟ್‌ರೂಲರನ್ನು ಹಿತ್ತಾಳೆ ಪಟ್ಟಿಯ ಮೇಲೆ ಅಡ್ಡ ಇಟ್ಟು, ನಿಧಾನವಾಗಿ ತನ್ನ ಕಡೆಗೆ ಎಳೆದ. ತಲೆಯ ಅಕ್ಕಿ ಸರಸರನೆ ಪತ್ರಿಕೆಗೆ ಬಿತ್ತು. ಒಳಗೆ ಉಳಿದದ್ದು ಹದಿನಾಲ್ಕು ಸೇರು. ಅದನ್ನು ಅವನು ಮೂರು ಸಲ ನೋಡಿದ್ದ.

ಬಿದ್ದ ಅಕ್ಕಿಯನ್ನು ಅಳತೆಜಾಡಿಗೆ ತುಂಬಿದ. ಐನೂರರ ಗೆರೆಗೆ ಬಂತು. ಖಾಲಿ ಮಾಡಿ ಮತ್ತೆ ತುಂಬಿದ. ಮತ್ತೆ. ಮತ್ತೆ. ನಾಲ್ಕು ಗೀಟಾದವು. ಪತ್ರಿಕೆಯ ಮಡಿಕೆಯಲ್ಲಿ ಉಳಿದದ್ದನ್ನು ಐದನೆಯ ಸಲಕ್ಕೆ ಸುರಿದಾಗ ಜಾಡಿಯ ತಳ ಮುಚ್ಚಿತು, ಅಷ್ಟೆ. ಕಣ್ಣಿನ ಮಟ್ಟಕ್ಕೆ ಎತ್ತಿ ಗೆರೆ ನೋಡಿದ. ಪುಸ್ತಕದಲ್ಲಿ ಒಟ್ಟನ್ನು 980ರಿಂದ ಭಾಗಿಸಿದ: ಎರಡು ಸೇರು, ಚೂರು ಹೆಚ್ಚು; ಮೂರು ಕಳಸೆಗೆ ಆರು.

ಚೀಟಿಯನ್ನು ಬೆಂಚಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹದಿನಾಲ್ಕು ಸೇರು ಎಂಬುದರ ಕೆಳಗೆ ಒಂದು ಸಾಲಿನಷ್ಟು ಜಾಗವಿತ್ತು. ಪೆನ್ಸಿಲಿನಿಂದ ಗೆರೆ ಎಳೆದು, ಅದರ ಮೇಲೆ ಅದೇ ಗುಂಡು ಅಕ್ಷರಗಳಲ್ಲಿ ಬರೆದು, ಇಂಕು ಆರುವವರೆಗೆ ಹಿಡಿದು ಕೂತ.

ತಲೆ ಕಟ್ಟಿದ ಅಕ್ಕಿ: 2,010 ಮಿಲಿಲೀಟರು.